ಬಸುರಿ ಬಿಳಲು

ಸಿಟ್ಟು ಮಾಡಿಕೊಳ್ಳುವುದರಲ್ಲಿ ಇಂದುಮತಿ ಹೂಗಾರ ಯಾವತ್ತೂ ಜಿಪುಣಿಯಲ್ಲ. ಆದರೂ ಆ ಬೆಳಿಗ್ಗೆ ಬಂದಂಥ ಸಿಟ್ಟು ಈ ಕೆಲಸ ಹಿಡಿದ ಏಳು ವರ್ಷದಲ್ಲಿ ಬಂದಿರಲಿಲ್ಲ. ಹೊಳೆದಂಡೆಯ ತಗಡಿನ ಕೋಣೆಯಲ್ಲಿ ಮೂರು ಪರದೆಗಳ ಮುಂದೆ ಕುಳಿತು ಅವಳು ಒಂದೇ ಒಂದು ಅಂಕಿಯನ್ನು ದಿಟ್ಟಿಸುತ್ತಿದ್ದಳು. ಸೇತುವೆಯ ನಟ್ಟನಡುವೆ ಹಿಂದಿನ ದಿನವಷ್ಟೇ ಕೂರಿಸಿದ್ದ ಹೊಸ ಮಾಪಕ ಅದನ್ನು ಕಳಿಸುತ್ತಿತ್ತು. ಸಕ್ಕರೆ: ಸೊನ್ನೆ ದಶಾಂಶ ಸೊನ್ನೆ ಎರಡು. ಅಂದರೆ ಇಲ್ಲವೇ ಇಲ್ಲ. ಪರೀಕ್ಷೆಗೆ ಉಳಿದದ್ದು ಹದಿನಾಲ್ಕು ದಿನ.

"ಸುಳ್ಳ ಹೇಳ್ತೈತಿ ಇದು," ಎಂದು ಪರದೆಗೆ ಬೈದಳು. ಬೈದರೆ ಅಂಕಿ ಬದಲಾಗುತ್ತದೆಯೇ? ತಂತಿ ಬದಲಿಸಿದಳು, ಮಾಪಕ ಬದಲಿಸಿದಳು, ಎರಡು ದಿನ ಅದರಲ್ಲೇ ಹೋಯಿತು. ಅಂಕಿ ಮಾತ್ರ ಅಲ್ಲಾಡಲಿಲ್ಲ.

ಸೇತುವೆ ಅಂದೆನಲ್ಲ, ಕಲ್ಲು ಸಿಮೆಂಟಿನದಲ್ಲ. ಕೊಕ್ಕರಗಡ್ಡಿ ಎಂಬುದು ಕೃಷ್ಣಾ ಹೊಳೆಯೊಳಗಿನ ಒಂದು ನಡುಗಡ್ಡೆ. ನಲವತ್ತೆರಡು ಮನೆ, ಹೆಚ್ಚುಕಡಿಮೆ ಎಲ್ಲರೂ ಅಂಬಿಗರು. ಹರಿಗೋಲು ನಡೆಸುವುದು, ಬಲೆ ಹಾಕುವುದು ಅವರ ಬದುಕು. ಮೇಲಿನ ಅಣೆಕಟ್ಟಿನ ಬಾಗಿಲು ತೆಗೆದರೆಂದರೆ ಆರು ವಾರ ಹರಿಗೋಲು ನೀರಿಗೆ ಇಳಿಯುವಂತಿಲ್ಲ. ಆ ಆರು ವಾರದಲ್ಲಿ ಹೆರಿಗೆ, ಜ್ವರ, ಹಾವು ಕಡಿತ ಏನೇ ಬಂದರೂ ದೇವರೇ ಗತಿ. ಸಿಮೆಂಟಿನ ಸೇತುವೆಗೆ ಎರಡು ಸಲ ಕಂಬ ನಿಲ್ಲಿಸಿದ್ದರು, ಎರಡು ಸಲವೂ ಹೊಳೆ ಕಿತ್ತುಕೊಂಡು ಹೋಯಿತು. ಆಗ ಗದಗಿನಿಂದ ಬಂದ ಈ ಸಸ್ಯವಿಜ್ಞಾನಿ ಇಲಾಖೆಯವರ ಮುಂದೆ ಕೂತು ಒಂದು ಪ್ರಶ್ನೆ ಕೇಳಿದ್ದಳು. ದಂಡೆಯ ಮೇಲಿನ ಆಲದ ಮರದ ಬಿಳಲು ನೆಲಕ್ಕೆ ಇಳಿಯುವ ಬದಲು ಹೊಳೆ ದಾಟಿ ಬೆಳೆದರೆ ಹೇಗೆ?

ಬಿಳಲು ಉದ್ದವಾಗುವುದು ತುದಿಯಲ್ಲಿ ಮಾತ್ರ. ತುದಿಗೊಂದು ಟೊಪ್ಪಿಗೆ, ಅದರ ಹಿಂದೆ ಜೋಳದ ಕಾಳಿನಷ್ಟು ಜಾಗ. ಅಲ್ಲಿ ಜೀವಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ತುದಿಯನ್ನು ಮುಂದೆ ತಳ್ಳುತ್ತವೆ. ದಪ್ಪವಾಗುವ ಕೆಲಸ ಬೇರೆಯದು. ತೊಗಟೆಯ ಅಡಿಯಲ್ಲಿ ಕಾಗದದಷ್ಟು ತೆಳ್ಳಗಿನ ಜೀವಪದರವೊಂದಿದೆ. ಅದು ಒಳಮುಖವಾಗಿ ಕಟ್ಟಿಗೆ ಕಟ್ಟುತ್ತದೆ, ಹೊರಮುಖವಾಗಿ ಸಕ್ಕರೆ ಸಾಗಿಸುವ ಕೊಳವೆ ಕಟ್ಟುತ್ತದೆ. ನೀರು ಕಟ್ಟಿಗೆಯಲ್ಲಿ ಹರಿದರೆ, ಎಲೆ ತಯಾರಿಸಿದ ಸಕ್ಕರೆ ಹೊರಗಿನ ಈ ತೊಗಟೆಯಲ್ಲಿ ಹರಿಯುತ್ತದೆ. ಇಂದುಮತಿ ಬಿಳಲಿನ ತುದಿಗೊಂದು ಪಟ್ಟಿ ತೊಡಿಸಿದಳು. ಬೆಳವಣಿಗೆಯ ಹಾರ್ಮೋನನ್ನು ಅದು ಹನಿಹನಿಯಾಗಿ ಉಣಿಸುತ್ತದೆ, ಯಾವ ಕಡೆ ಹೆಚ್ಚು ಉಣಿಸಬೇಕೆಂದು ಕೋಣೆಯಿಂದಲೇ ಹೇಳಬಹುದು. ಊರಿನವರು ಅದಕ್ಕೆ ಹಾಲುಪಟ್ಟಿ ಎಂದು ಹೆಸರಿಟ್ಟರು. ದಿನಕ್ಕೊಂದು ಗೇಣು ಬೆಳೆಯಿತು ಬಿಳಲು. ಹದಿನಾಲ್ಕು ಬಿಳಲುಗಳನ್ನು ಹೆಣೆದು ಎರಡು ಹಗ್ಗ ಮಾಡಿ, ಎಂಬತ್ತು ಮೀಟರ್ ದಾಟಿಸಿ, ನಡುಗಡ್ಡೆಯ ನೆಲಕ್ಕೆ ಊರಿಸಿದ್ದಾಯಿತು. ಮೇಲೆ ಬಿದಿರು ಹಾಸಿದ್ದಾಯಿತು, ಹಾಲುಪಟ್ಟಿಗಳನ್ನು ಹಗ್ಗದ ಉದ್ದಕ್ಕೂ ಕಟ್ಟಿದ್ದಾಯಿತು. ಇನ್ನು ಹಗ್ಗಗಳು ದಪ್ಪವಾಗಬೇಕು, ಅಷ್ಟೇ.

ಪರೀಕ್ಷೆಯಲ್ಲಿ ಸೇತುವೆ ನಲವತ್ತು ಮೂಟೆ ಮರಳು ಹೊರಬೇಕು. ಹೊತ್ತರೆ ಊರು ಉಳಿಯುತ್ತದೆ. ಹೊರದಿದ್ದರೆ ನಲವತ್ತೆರಡು ಮನೆಯನ್ನೂ ಎಬ್ಬಿಸಿ, ಮೂವತ್ತು ಕಿಲೋಮೀಟರ್ ದೂರದ ಬೋಳು ಗುಡ್ಡದ ಪ್ಲಾಟುಗಳಿಗೆ ಒಯ್ಯುವುದೆಂದು ಇಲಾಖೆ ಕಾಗದ ಮಾಡಿ ಇಟ್ಟಿತ್ತು.

ಇಂದುಮತಿ ಇರುತ್ತಿದ್ದದ್ದು ನಡುಗಡ್ಡೆಯಲ್ಲೇ, ಗೌರವ್ವನ ಮನೆಯ ಹಿಂದಿನ ಕೋಣೆಯಲ್ಲಿ. ಗೌರವ್ವನಿಗೆ ಅರವತ್ತು ದಾಟಿತ್ತು. ಬಲೆ ಹೆಣೆಯುವುದರಲ್ಲಿ ಊರಿಗೇ ಗುರು. ಆಕೆಯ ಗಂಡ ಅಂಬಣ್ಣ ಹರಿಗೋಲು ನಡೆಸುವವನು, ದಿನಾ ಇಂದುಮತಿಯನ್ನು ಮರವಿರುವ ದಂಡೆಗೆ ಒಯ್ದು ಕರೆತರುತ್ತಿದ್ದ.

"ಯಾಕವ್ವಾ ಇಂದವ್ವಾ, ರೊಟ್ಟಿ ಮುರದು ಮುರದು ಇಡಾಕತ್ತೀ?" ಗೌರವ್ವ ತಾಟಿಗೆ ಇನ್ನಷ್ಟು ಪುಂಡಿಪಲ್ಯ ಬಡಿಸಿದಳು.

"ಸಕ್ಕರಿ ಹೋಗವಲ್ದು ಗೌರವ್ವಾ. ನಡುಮಧ್ಯ ಬಿಳಲು ಉಪಾಸ ಬಿದ್ದೈತಿ. ದಂಡಿಯೊಳಗ ನೋಡಿದ್ರ ತೊಡಿಗಿಂತಾ ದಪ್ಪ ಐತಿ, ಮುಂದ ನೋಡಿದ್ರ ತೋಳಿನಷ್ಟೂ ಇಲ್ಲ."

"ಬಸುರಿ ಅಂದ್ರ ಹಂಗ. ಹೊಟ್ಟಿ ಅಷ್ಟ ಬರ್ತೈತಿ, ಕೈಕಾಲು ಸೊರಗ್ತಾವು," ಎಂದು ಗೌರವ್ವ ನಕ್ಕಳು.

ಅಂಬಣ್ಣ ಮೂಲೆಯಿಂದ ದನಿಗೂಡಿಸಿದ: "ಇಕೀ ಕಣ್ಣಿಗೆ ಊರಾಗಿನ ಎಮ್ಮಿ, ಗಿಡ ಎಲ್ಲಾ ಬಸುರೀನ."

ಇಂದುಮತಿಯ ಕೈಯ ತುತ್ತು ಕೈಯಲ್ಲೇ ಉಳಿಯಿತು. ಎರಡು ವರ್ಷದಿಂದ ಅವಳು ಇಲಾಖೆಗೆ ಕಳಿಸುತ್ತ ಬಂದಿದ್ದ ದಪ್ಪದ ಅಳತೆ ಸೇತುವೆಯ ಬಾಯಿಯ ಹತ್ತಿರದ್ದು, ಬಿಳಲು ಮರದಿಂದ ಹೊರಡುವ ಕಡೆ ಕೂರಿಸಿದ್ದ ಮಾಪಕದ್ದು. ಅಲ್ಲಿ ಎರಡೂ ಹಗ್ಗ ಗುಂಡಗೆ ಊದಿಕೊಂಡಿದ್ದವು. ಹೋದ ವರ್ಷ ಅದನ್ನು ಕಂಡ ಹೆಂಗಸರು ಬಿಳಲು ಬಸುರಿಯಾಗಿದೆ ಎಂದು ಕುಬಸ ಮಾಡಿದ್ದರು. ಹಸಿರು ಇಳಕಲ್ ಸೀರೆ ಉಡಿಸಿ, ಹಸಿರು ಬಳೆ ಕಟ್ಟಿ, ಐದು ತರದ ಬುತ್ತಿ ತಂದು ಹಾಡು ಹೇಳಿದ್ದರು. ಇಂದುಮತಿಯೂ ಚಪ್ಪಾಳೆ ತಟ್ಟಿ ಮೂರು ಹೋಳಿಗೆ ತಿಂದಿದ್ದಳು. ಊದಿದ್ದು ಒಳ್ಳೆಯದೇ ಎಂದು ಅವಳೂ ನಂಬಿದ್ದಳಲ್ಲ! ಜನರ ಭಾವನೆಗೆ ಯಾಕೆ ನೋವು ಮಾಡುವುದೆಂದು ಅಂದಿನಿಂದ ಆ ಸೀರೆಯನ್ನು ಮುಟ್ಟಿಯೂ ಇರಲಿಲ್ಲ.

"ಅಂಬಣ್ಣಾ, ಹರಿಗೋಲು ಹಾಕು. ಈಗಿಂದೀಗ."

ದಂಡೆ ತಲುಪಿದವಳೇ ಬಿಳಲಿನ ಸೀರೆ ಎತ್ತಿ ನೋಡಿದಳು. ಊದಿದ ಗಂಟಿನ ಮುಂದೆ, ಬಳೆ ಹಾಕುವ ಮಣಿಕಟ್ಟಿನಷ್ಟು ಜಾಗದಲ್ಲಿ, ಎರಡೂ ಹಗ್ಗದ ಸುತ್ತಲೂ ಆಳವಾದ ಕೊರೆತ. ಕೊರೆತದೊಳಗೆ, ಹೊರಗಿನಿಂದ ಕಾಣದಷ್ಟು ಹೂತುಹೋಗಿದ್ದ ನೀಲಿ ನೈಲಾನು ದಾರ. ಒಂದು ಸುತ್ತಲ್ಲ, ನೂರಾರು ಸುತ್ತು. ತೊಗಟೆಯನ್ನು ಕಡಿದು, ಜೀವಪದರವನ್ನು ಹಿಸುಕಿ, ಕಟ್ಟಿಗೆಯವರೆಗೆ ಇಳಿದಿತ್ತು. ಎಲೆಯಿಂದ ಬಂದ ಸಕ್ಕರೆಗೆ ಮುಂದೆ ದಾರಿಯಿಲ್ಲ. ಅದು ದಾರದ ಹಿಂದೆಯೇ ಶೇಖರವಾಗಿ ಊದಿತ್ತು. ಅದೇ ಬಸಿರು. ಇಂದುಮತಿ ಅಲ್ಲೇ ಬಿದಿರಿನ ಮೇಲೆ ಕುಕ್ಕರಿಸಿಬಿಟ್ಟಳು.

ಏನಿದು ದಾರ ಅಂತ ಕೇಳಬೇಕಾಗಿರಲಿಲ್ಲ. ಕಾರಹುಣ್ಣಿಮೆಗೆ ಹೆಂಗಸರು ಗಂಡನ ಆಯುಷ್ಯಕ್ಕಾಗಿ ಆಲದ ಮರಕ್ಕೆ ನೂಲು ಸುತ್ತುತ್ತಾರೆ. ಎಲ್ಲ ಕಡೆಯೂ ಸುತ್ತುತ್ತಾರೆ, ಯಾವ ಮರವೂ ಸತ್ತಿಲ್ಲ. ಹತ್ತಿಯ ನೂಲು ಎರಡು ಮಳೆಗೆ ಕೊಳೆತು ಬೀಳುತ್ತದೆ. ಇವರು ಸುತ್ತಿದ್ದು ಬಲೆದಾರ. ಅದೂ ಸಾಧಾರಣ ಮರಕ್ಕಲ್ಲ, ಹಾಲುಪಟ್ಟಿಯ ದೆಸೆಯಿಂದ ಹತ್ತು ವರ್ಷದ ದಪ್ಪವನ್ನು ಒಂದೇ ವರ್ಷದಲ್ಲಿ ಹಾಕುತ್ತಿದ್ದ ಬಿಳಲಿಗೆ.

ಮರುದಿನ ಬೆಳಿಗ್ಗೆ ಊರ ಹೆಂಗಸರೆಲ್ಲ ಮರದ ಕೆಳಗೆ ಸೇರಿದರು. ಇಂದುಮತಿ ಕತ್ತರಿ ಹಿಡಿದೇ ನಿಂತಿದ್ದಳು; ದಾರದಿಂದ ಸಕ್ಕರೆ ನಿಂತದ್ದನ್ನು ಹೇಳಿ, ಕಡಿಯುತ್ತೇನೆ ಎಂದಳು.

"ಕತ್ರಿ ಒಳಗಿಡು ಇಂದವ್ವಾ," ಗೌರವ್ವ ಮುಂದೆ ಬಂದಳು. "ಅದಕ್ಕ ಕತ್ರಿ ಹಚ್ಚೂದಂದ್ರ ಏನಂತ ಗೊತ್ತೈತೇನು ನಿನಗ? ನಲವತ್ತು ಗಂಡಸರು ದಿನಾ ನೀರಿನ ಮ್ಯಾಲ ಅದಾರ."

"ಪ್ಲಾಸ್ಟಿಕ್ ದಾರ ಗೌರವ್ವಾ ಇದು! ಯಾರ ಬುದ್ಧಿ ಇದು?"

"ನಂದ. ಮೊದಲನೇ ವರ್ಷ ಹತ್ತೀ ನೂಲ ಸುತ್ತಿದ್ವಿ. ಹೊಳೀ ಗಾಳಿಗೆ ಮೂರು ತಿಂಗಳಿಗೆ ಹರೀತು. ಅದ ವಾರ ನಮ್ಮವರ ಹರಿಗೋಲು ಮಗಚಿ ಬಿತ್ತು. ಆಮ್ಯಾಲ ಹರೀಲಾರದ್ದು ಸುತ್ತಿದ್ವಿ. ಮೂರು ವರ್ಷ ಆತು, ಒಬ್ಬರ ಕೂದಲೂ ಕೊಂಕಿಲ್ಲ."

"ಸುತ್ತೂದು ಬೊಡ್ಡಿಗೆ ಸುತ್ತಬೇಕಿತ್ತು. ಬೊಡ್ಡಿ ಬಿಟ್ಟು ಬಿಳಲಿಗೆ ಯಾರರ ಸುತ್ತತಾರೇನು?"

"ಬೊಡ್ಡಿಗೆ ತಂತಿಬೇಲಿ ಹಾಕಿದವರು ಯಾರು?"

ಇಂದುಮತಿ ಬೇಲಿಯತ್ತ ನೋಡಿದಳು. ಬೇಲಿ ಹಾಕಿಸಿದ್ದು ಅವಳೇ. ಯಂತ್ರದ ತಂತಿಗಳನ್ನು ದನ ತುಳಿಯಬಾರದೆಂದು ಮರದ ಬುಡವನ್ನೆಲ್ಲ ಬಳಸಿ ಹಾಕಿಸಿದ್ದಳು. ಹೆಂಗಸರು ಎಲ್ಲಿ ಸುತ್ತುತ್ತಾರೆ ಎಂದು ಯೋಚಿಸಿರಲಿಲ್ಲ. ತಪ್ಪು ತನ್ನದೂ ಇದೆ ಎಂದು ಗೊತ್ತಾದಾಗ ಸಿಟ್ಟು ಇಳಿಯಬೇಕು ತಾನೇ? ಇಂದುಮತಿಯದು ನೆತ್ತಿಗೇರಿತು.

"ನಿಮ್ಮ ಕೈಯಾಗ ಇದನ್ನ ಬಿಟ್ಟಿದ್ದ ತಪ್ಪಾತು ನಂದು! ಮಂಗ್ಯಾಗಳ ನಡುವ ಬೆಳಸಿದ್ರೂ ಇದಕ್ಕಿಂತಾ ಚಲೋ ಇರ್ತಿತ್ತು!"

ಮಾತು ಬಾಯಿಂದ ಜಾರಿ ಹೋಯಿತು. ಗೌರವ್ವನ ಮುಖ ಗಟ್ಟಿಯಾಯಿತು. ಸೆರಗು ಸರಿಪಡಿಸಿಕೊಂಡು, "ಆತ್ರಿ ಮೇಡಮ್ಮಾರ, ನಾವು ಬರ್ತೀವ್ರಿ," ಎಂದಳು. ಹೆಂಗಸರೆಲ್ಲ ಹಿಂದೆ ಹೋದರು. ಹೋಗುವ ಮೊದಲು ಒಂದು ಮಾತು ಹೇಳಿ ಹೋದರು: ದಾರ ಮುಟ್ಟಿದರೆ ಆ ಸೇತುವೆಯ ಮೇಲೆ ಊರಿನ ಒಬ್ಬರೂ ಕಾಲಿಡುವುದಿಲ್ಲ.

ನಾಲ್ಕು ದಿನ ಹೀಗೇ ಹೋದವು. ಪರೀಕ್ಷೆಗೆ ಹನ್ನೊಂದು ದಿನ ಇದ್ದದ್ದು ಏಳಾಯಿತು. ಇಂದುಮತಿ ಕೋಣೆಯಲ್ಲಿ ಕೂತು ಅದೇ ಸೊನ್ನೆಯನ್ನು ನೋಡುತ್ತ ಹಲ್ಲು ಕಡಿದಳು. ಹಾಲುಪಟ್ಟಿಯ ಹನಿ ಹೆಚ್ಚಿಸಿದಳು, ಕಡಿಮೆ ಮಾಡಿದಳು. ಸಕ್ಕರೆಯೇ ಇಲ್ಲದ ಕಡೆ ಹಾರ್ಮೋನು ಏನು ಮಾಡೀತು? ಇಟ್ಟಿಗೆಯಿಲ್ಲದೆ ಗೌಂಡಿಯನ್ನು ಗದರಿಸಿದ ಹಾಗೆ. ಮನೆಗೆ ಬಂದರೆ ಬಾಗಿಲ ಬಳಿ ರೊಟ್ಟಿಯ ತಾಟು ಮುಚ್ಚಿಟ್ಟಿರುತ್ತಿತ್ತು. ಗೌರವ್ವ ಒಳಗೆ ಬೆನ್ನು ಮಾಡಿಕೊಂಡು ಬಲೆ ಹೆಣೆಯುತ್ತಿರುತ್ತಿದ್ದಳು. ಏನಾದರೂ ಬೇಕಾದರೆ, "ಮೇಡಮ್ಮಾರಿಗೆ ನೀರು ಕೊಡ್ರಿ," ಎಂದು ಗಂಡನಿಗೆ ಹೇಳುತ್ತಿದ್ದಳು. ಆ ಮೇಡಮ್ಮಾರ ಎಂಬ ಮಾತು ಕೇಳಿದಾಗಲೆಲ್ಲ ಇಂದುಮತಿಗೆ ಅಳು ಬರುತ್ತಿತ್ತು, ಅಳು ಬಂದದ್ದಕ್ಕೆ ಮತ್ತೆ ಸಿಟ್ಟು ಬರುತ್ತಿತ್ತು.

"ನೀನರ ಹೇಳೋ ಮಾರಾಯಾ," ಎಂದು ಹರಿಗೋಲಿನಲ್ಲಿ ಅಂಬಣ್ಣನ ಬೆನ್ನು ಹತ್ತಿದಳು. "ನಿನ್ನ ಆಯುಷ್ಯದ್ದ ಮಾತು ಇದು."

"ಆಯುಷ್ಯ ಅಷ್ಟ ನಂದು ಮೇಡಮ್ಮಾ. ಮುತ್ತೈದಿತನ ಆಕೀದು. ಅದರಾಗ ನಾ ಬಾಯಿ ಹಾಕಂಗಿಲ್ಲ."

ಐದನೆಯ ದಿನ ಬೆಳಿಗ್ಗೆ ಇಂದುಮತಿ ಬಂದಾಗ ಹೆಂಗಸರು ಆಗಲೇ ಸೇತುವೆಯ ಬಾಯಲ್ಲಿ ಕುಳಿತಿದ್ದರು. ಕೈಯಲ್ಲಿ ಬಲೆ ಹೆಣೆಯುವ ಸೂಜಿ.

"ಕಡ್ಯಾಕ ಬರೂದಿಲ್ಲ. ಬಿಚ್ಚಾಕ ಬರ್ತೈತಿ," ಎಂದಳು ಗೌರವ್ವ, ಇಂದುಮತಿಯ ಮುಖ ನೋಡದೆ. "ಬಲೀಯೊಳಗ ಮೀನು ಸಿಕ್ಕಿ ಗೋಜಲಾದ್ರ ನಾವು ದಾರ ಕಡಿಯಂಗಿಲ್ಲ, ಬಿಡಸ್ತೀವಿ. ಇದನ್ನೂ ಬಿಡಸ್ತೀವಿ."

"ಗೌರವ್ವಾ, ಏಳ ದಿನ ಐತಿ! ಕತ್ತರಿಸಿದ್ರ ಅರ್ಧ ತಾಸಿನ ಕೆಲಸ."

"ಬಿಡಸ್ತೀವಿ ಅಂದೆ."

ಮೂರು ದಿನ ಹಿಡಿಯಿತು. ಮೂರು ದಿನ! ತೊಗಟೆಯೊಳಗೆ ಹೂತ ದಾರದ ತುದಿ ಹುಡುಕಿ, ಸೂಜಿ ತೂರಿಸಿ, ಒಂದೊಂದೇ ಸುತ್ತು ಬಿಡಿಸಿ, ಉಂಡೆ ಸುತ್ತಿ ಹೊಳೆಗೆ ಕೈಮುಗಿದು ಪಕ್ಕಕ್ಕಿಟ್ಟರು. ಇಂದುಮತಿ ಹಿಂದೆ ನಿಂತು ಉಗುರು ಕಚ್ಚಿದಳು, ಎದ್ದು ಓಡಾಡಿದಳು, ಮತ್ತೆ ಬಂದು ನಿಂತಳು. ಆದರೆ ಒಂದು ಮಾತು ಒಪ್ಪಬೇಕು. ಅಷ್ಟು ಆಳದಿಂದ ದಾರ ತೆಗೆದರೂ ಉಳಿದ ಹಸಿ ತೊಗಟೆಗೆ ಒಂದು ಗೀರು ಬಿದ್ದಿರಲಿಲ್ಲ. ಅವಳ ಕತ್ತರಿಗೆ ಅದು ಸಾಧ್ಯವಿರಲಿಲ್ಲ.

ನಾಲ್ಕು ದಿನ ಉಳಿದಿದ್ದಾಗ ಕಸಿ ಕಟ್ಟಲು ಕುಳಿತರು. ಮರದ ಎಳೆ ಕೊಂಬೆಯ ತುಂಡುಗಳನ್ನು ತಂದು, ಎರಡೂ ತುದಿ ಚೂಪು ಮಾಡಿ, ಒಂದು ತುದಿಯನ್ನು ಗಾಯದ ಹಿಂದಿನ ತೊಗಟೆಯೊಳಗೆ, ಇನ್ನೊಂದನ್ನು ಮುಂದಿನ ತೊಗಟೆಯೊಳಗೆ ತೂರಿಸಿ ಬಿಗಿಯುವುದು. ಜೀವಪದರಕ್ಕೆ ಜೀವಪದರ ತಾಗಿದರೆ ಎರಡೂ ಬೆಸೆದುಕೊಳ್ಳುತ್ತವೆ, ಸಕ್ಕರೆ ಆ ಕಡ್ಡಿಯ ಮೇಲೆ ಹಾದು ಗಾಯ ದಾಟುತ್ತದೆ. ಹಗ್ಗಕ್ಕೆ ಆರರಂತೆ ಹನ್ನೆರಡು ಕಸಿ. ಇಂದುಮತಿ ತೋರಿಸಿಕೊಟ್ಟಳು, ಹೆಂಗಸರು ಕಟ್ಟಿದರು, ಎರಡನ್ನು ಅವಳೇ ಕಟ್ಟಿದಳು. ಬೆಸೆಯಲು ಏನಿಲ್ಲವೆಂದರೂ ಹದಿನೈದು ಇಪ್ಪತ್ತು ದಿನ ಬೇಕೆಂದು ಅವಳಿಗೆ ಗೊತ್ತಿತ್ತು. ಕೈಯಲ್ಲಿ ಇದ್ದದ್ದು ಮೂರು.

ಪರೀಕ್ಷೆಗೆ ಬಂದ ಶಿರೋಳ ಸಾಹೇಬರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳಾಡಬಹುದಿತ್ತು. ಚಹಾ ಕುಡಿದರು, ಮರವನ್ನು ಹೊಗಳಿದರು, ಗೌರವ್ವನ ಆರೋಗ್ಯ ವಿಚಾರಿಸಿದರು. ಆಮೇಲೆ ನಟ್ಟನಡುವೆ ಮರಳಿನ ಮೂಟೆ ಏರಿಸಲು ಹೇಳಿದರು. ಹಗ್ಗ ಒಂದು ಮೊಳಕ್ಕಿಂತ ಹೆಚ್ಚು ಜಗ್ಗಬಾರದು. ಇಪ್ಪತ್ತು ಮೂಟೆಗೆ ಅರ್ಧ ಮೊಳ. ಮೂವತ್ತಕ್ಕೆ ಮುಕ್ಕಾಲು. ಮೂವತ್ತನಾಲ್ಕನೆಯ ಮೂಟೆಗೆ ಹಗ್ಗ ನರಳಿ, ಮೊಳ ದಾಟಿ ಇನ್ನೊಂದು ಗೇಣು ಕೆಳಗಿಳಿಯಿತು.

"ಇಳಸ್ರಿ," ಎಂದರು ಸಾಹೇಬರು ಮೆತ್ತಗೆ.

"ಸರ್, ಒಂದ ತಿಂಗಳು ಕೊಡ್ರಿ. ಕಾರಣ ಸಿಕ್ಕೈತಿ, ಕಸಿ ಆಗೇತಿ. ಸಕ್ಕರಿ ಹರದ್ರ ಹತ್ತ ದಿನದಾಗ ದಪ್ಪ ಆಗ್ತೈತಿ."

"ಅಣೆಕಟ್ಟಿನ ಬಾಗಿಲು ನನ್ನ ಮಾತು ಕೇಳೂದಿಲ್ಲ ಮೇಡಂ. ಹತ್ತು ದಿನದಾಗ ತೆಗೀತಾರ. ಜನರನ್ನ ಈ ಸಲಾನೂ ನಡುನೀರಾಗ ಬಿಟ್ಟು ನಾ ಮಲಗಲೇನು?"

ಅವರ ಮಾತೂ ನಿಜವೇ. ಇಂದುಮತಿ ಕೈಯಲ್ಲಿದ್ದ ಅಳತೆಪಟ್ಟಿಯನ್ನು ನೆಲಕ್ಕೆ ಅಪ್ಪಳಿಸಿದಳು, ಆಮೇಲೆ ತಾನೇ ಬಗ್ಗಿ ಎತ್ತಿಕೊಂಡಳು.

ಒಂದು ವಾರದಲ್ಲಿ ಊರು ಖಾಲಿಯಾಯಿತು. ಹಾಸಿಗೆ, ಕೊಡ, ಮೇಕೆ, ಬಲೆ ಎಲ್ಲವೂ ಹರಿಗೋಲಿನಲ್ಲಿ ಈ ದಂಡೆಗೆ ಬಂದು ಟ್ರ್ಯಾಕ್ಟರ್ ಏರಿದವು. ಕೊನೆಗೆ ಹರಿಗೋಲುಗಳೂ ಏರಿದವು. ಗೌರವ್ವ ಮನೆಗೆ ಬೀಗ ಹಾಕಿ, ಕೀಲಿಯನ್ನು ಸೊಂಟದ ಗಂಟಿಗೆ ಸಿಕ್ಕಿಸಿಕೊಂಡು ಬಂದಳು. ಇಂದುಮತಿ ಟ್ರ್ಯಾಕ್ಟರಿನ ಬಳಿ ಹೋಗಿ ನಿಂತಳು. ಏನಾದರೂ ಅನ್ನಬೇಕೆಂದು ಬಾಯಿ ತೆರೆದಳು. ಗೌರವ್ವ ಮುಖ ತಿರುಗಿಸಿದಳು, ಟ್ರ್ಯಾಕ್ಟರ್ ಹೊರಟುಹೋಯಿತು.

ಇಂದುಮತಿ ತಗಡಿನ ಕೋಣೆಗೇ ಹಾಸಿಗೆ ತಂದುಕೊಂಡಳು. ಅಣೆಕಟ್ಟಿನ ಬಾಗಿಲು ತೆಗೆದರು, ಹೊಳೆ ಕೆಂಪಗೆ ತುಂಬಿ ಹರಿಯಿತು. ಸೇತುವೆ ನೀರಿಗಿಂತ ಎರಡಾಳು ಮೇಲೆ ಸುಮ್ಮನೆ ತೂಗುತ್ತಿತ್ತು. ಕಸಿ ಕಟ್ಟಿ ಹತ್ತೊಂಬತ್ತನೆಯ ದಿನ ಮಧ್ಯಾಹ್ನ, ಅವಲಕ್ಕಿ ತಿನ್ನುತ್ತ ಕುಳಿತಿದ್ದಾಗ, ಅಂಕಿ ಅಲ್ಲಾಡಿತು. ಸೊನ್ನೆ ದಶಾಂಶ ಸೊನ್ನೆ ಒಂಬತ್ತು. ಸಂಜೆಗೆ ಒಂದು ದಾಟಿತು. ಮರುದಿನ ನಾಲ್ಕು. ಊದಿದ ಗಂಟಿನಲ್ಲಿ ಇಷ್ಟು ದಿನ ಕೂಡಿಬಿದ್ದಿದ್ದ ಸಕ್ಕರೆಯೆಲ್ಲ ನುಗ್ಗಿ ನಡುಗಡ್ಡೆಯತ್ತ ಹರಿಯುತ್ತಿತ್ತು. ಹತ್ತು ದಿನದಲ್ಲಿ ನಡುಭಾಗ ಎರಡರಷ್ಟು ದಪ್ಪವಾಯಿತು. ಪರೀಕ್ಷೆಯ ದಿನದ ಮರಳು ಮೂಟೆಗಳು ದಂಡೆಯಲ್ಲೇ ಬಿದ್ದಿದ್ದವು. ಇಂದುಮತಿ ನಲವತ್ತು ಮೂಟೆಯನ್ನೂ ಒಬ್ಬಳೇ ದಿನವಿಡೀ ಎಳೆದು ನಡುಮಧ್ಯಕ್ಕೆ ಹಾಕಿದಳು. ಹಗ್ಗ ಜಗ್ಗಿದ್ದು ಅರ್ಧ ಮೊಳ.

ಅವಳು ಕೂಗಿಕೊಂಡಳು. ಖುಷಿಗಲ್ಲ. ಯಾರಿಗೆ ತೋರಿಸಬೇಕು ಇದನ್ನು? ನಡುಗಡ್ಡೆಯಲ್ಲಿ ನಲವತ್ತೆರಡು ಬೀಗ ಬಿಟ್ಟರೆ ಏನಿದೆ?

ಶಿರೋಳ ಸಾಹೇಬರಿಗೆ ಫೋನು ಮಾಡಿದಳು. ಅವರು ಎಲ್ಲವನ್ನೂ ಕೇಳಿಸಿಕೊಂಡರು.

"ಭಾಳ ಸಂತೋಷ ಮೇಡಂ. ಆದರ ದಾಟೋರು ಯಾರ ಅದಾರ ಈಗ? ನಡುಗಡ್ಡಿ ನಿರ್ಜನ ಅಂತ ಆದೇಶ ಆಗೇದ. ಬಳಕೆಯಿಲ್ಲದ ಸೇತುವೆ ಪ್ರವಾಹಕ್ಕ ಅಡ್ಡಿ, ತೆಗೀಬೇಕು ಅಂತದ ನಿಯಮ. ಸೋಮವಾರ ಗರಗಸದವರು ಬರ್ತಾರ. ನಾನ ನಿಮಗ ಹೇಳಬೇಕಂತಿದ್ದೆ."

ಇಂದುಮತಿ ನಡುಗಡ್ಡೆಯತ್ತ ತಿರುಗಿದಳು. "ಒಂದ ಮನಿ ಇದ್ರ?"

"ಏನಂದ್ರಿ?"

"ಅಲ್ಲಿ ಒಂದ ಮನ್ಯಾಗ ಒಲಿ ಉರೀತಿದ್ರ, ಆಗ ಕಡ್ಯಾಕ ಬರ್ತೈತೇನು?"

ಆ ಕಡೆ ಹಾಳೆ ತಿರುವಿದ ಸದ್ದು. "ಇಲ್ಲ. ಒಂದ ಮನಿ ಇದ್ರೂ ಮುಟ್ಟಾಕ ಬರೂದಿಲ್ಲ. ಆದರ ಅಲ್ಲಿ ಯಾರೂ ಇಲ್ಲಲ್ಲ ಮೇಡಂ."

ಫೋನು ಇಟ್ಟವಳೇ ಬಸ್ಸು ಹತ್ತಿದಳು. ಪ್ಲಾಟು ಎಂದರೆ ಕೆಂಪು ಗರಸಿನ ಮೇಲೆ ಸಾಲಾಗಿ ನಿಲ್ಲಿಸಿದ ತಗಡಿನ ಮನೆಗಳು. ನೆರಳಿಗೆ ಒಂದು ಜಾಲಿ ಗಿಡವೂ ಇರಲಿಲ್ಲ. ಅಂಬಣ್ಣ ತನ್ನ ಹರಿಗೋಲನ್ನು ಬೋರಲು ಹಾಕಿ, ಅದರ ಕೆಳಗೆ ಮೇಕೆ ಕಟ್ಟಿದ್ದ. ತಾನು ಅದರ ಪಕ್ಕ ಸುಮ್ಮನೆ ಕುಳಿತಿದ್ದ. ಗೌರವ್ವ ನಳದ ಸಾಲಿನಲ್ಲಿ ಕೊಡ ಹಿಡಿದು ನಿಂತಿದ್ದಳು.

"ಗೌರವ್ವಾ," ಎಂದಳು ಇಂದುಮತಿ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಗಿತ್ತು. "ಬೇಲಿ ಹಾಕಿದ್ದು ತಪ್ಪಾತು. ನಿನಗ ಆಡಬಾರದ ಮಾತು ಆಡಿದ್ದೂ ತಪ್ಪಾತು."

ಗೌರವ್ವ ಕೊಡ ಕೆಳಗಿಟ್ಟಳು. ಸಾಲು ಬಿಟ್ಟು ಈಚೆ ಬಂದಳು. ಆಮೇಲೆ ಕೇಳಿದಳು: "ಸಕ್ಕರಿ ಬಂತೇನು ಆ ಕಡೆ?"

"ಬಂತು. ನಲವತ್ತು ಮೂಟಿ ಹೊತ್ತೈತಿ."

"ಕಸಿ ಎಲ್ಲಾ ಹತ್ತಿದುವು?"

"ಹನ್ನೆರಡರಾಗ ಹತ್ತು."

"ಉಳಿದ ಎರಡು ಯಾರು ಕಟ್ಟಿದ್ದು?"

"ನಾನು."

ಗೌರವ್ವನ ತುಟಿಯ ಮೂಲೆ ಸ್ವಲ್ಪ ಸಡಿಲಾಯಿತು. ಇಂದುಮತಿ ಒಂದೇ ಉಸಿರಿನಲ್ಲಿ ಉಳಿದದ್ದು ಹೇಳಿದಳು. ಸೋಮವಾರ ಗರಗಸ ಬರುತ್ತದೆ. ಅಷ್ಟರೊಳಗೆ ನಡುಗಡ್ಡೆಯಲ್ಲಿ ಒಂದು ಮನೆಯಾದರೂ ಇರಬೇಕು. "ನಿನ್ನ ಮನೀ ಕೀಲಿ ಕೊಡು. ನಾ ಹೋಗಿ ಇರ್ತೀನಿ. ನನ್ನ ಹೆಸರಿಲೇನ ಅರ್ಜಿ ಕೊಡ್ತೀನಿ."

ಗೌರವ್ವ ಸೊಂಟದ ಗಂಟು ಬಿಚ್ಚಿ ಕೀಲಿ ತೆಗೆದಳು. ಇಂದುಮತಿ ಕೈ ಚಾಚಿದಳು. ಗೌರವ್ವ ಕೀಲಿಯನ್ನು ಅಂಗೈಯಲ್ಲಿ ಹೊರಳಿಸಿ ನೋಡಿ, ಮತ್ತೆ ಗಂಟಿಗೆ ಕಟ್ಟಿಕೊಂಡಳು.

"ಕೀಲಿ ಕೊಡಂಗಿಲ್ಲ. ನನ್ನ ಮನೀ ಬಾಗಲಾ ನಾನ ತೆಗೀತೀನಿ," ಎಂದಳು. ಕೊಡವನ್ನು ಕಂಕುಳಿಗೆ ಏರಿಸಿಕೊಂಡು ಗಂಡನತ್ತ ತಿರುಗಿ ಕೂಗಿದಳು: "ಏಳ್ರಿ, ಹೊಂಡೂಣು."

ಅಂಬಣ್ಣ ಗಡಬಡಿಸಿ ಎದ್ದು ಮೇಕೆ ಬಿಚ್ಚಿದ. ಬೋರಲು ಬಿದ್ದ ಹರಿಗೋಲಿನ ಅಂಚಿಗೆ ಎರಡೂ ಕೈ ಹಾಕಿ ಎತ್ತಲು ಹೋದ.

"ಅದು ಇಲ್ಲೇ ಇರ್ಲಿ ಬಿಡ್ರಿ," ಎಂದಳು ಗೌರವ್ವ. "ಹೊಳೀ ದಾಟೂದು ನಡಕೋಂತ ದಾಟೂದೈತಿ."